ಮಳೆಗಾಲದಲ್ಲೂ ಲಾನ್ ಹಳದಿಯಾದರೆ ಮೊದಲು ಬೇರು ನೋಡಿ

ಕಲಬುರಗಿಯಲ್ಲಿ ಮನೆಗಳ ಕೈತೋಟ, ಲಾನ್ ನೋಡಿಕೊಳ್ಳುವುದು ನನ್ನ ಕೆಲಸ. ಮೇ ತಿಂಗಳಲ್ಲಿ ಹುಲ್ಲು ಒಣಗಿದೆ ಎಂದು ಫೋನ್ ಬಂದರೆ ಮೊದಲು ನೀರಿನ ಬಗ್ಗೆ ಕೇಳುತ್ತೇನೆ. ನಮ್ಮ ಬಿಸಿಲು ಅಂಥದ್ದು. ಆದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಮಳೆ ಚೆನ್ನಾಗಿ ಬಿದ್ದರೂ ಅಲ್ಲಲ್ಲಿ ಹಳದಿ ಮಚ್ಚೆ ಕಾಣುತ್ತಿದೆ ಎಂದರೆ ಖುರಪಿ ತಗೊಂಡೇ ಹೋಗುತ್ತೇನೆ.

ಸೇಡಂ ರಸ್ತೆ ಕಡೆ ಒಂದು ಮನೆಯಲ್ಲಿ ದಿನಾ ಎರಡು ಹೊತ್ತು ನೀರು ಬಿಡುತ್ತಿದ್ದರು, ಯೂರಿಯಾನೂ ಹಾಕಿದ್ದರು. "ತಮ್ಮಾ, ಎಷ್ಟ್ ನೀರ್ ಬಿಟ್ರೂ ಹಸಿರಾಗವಲ್ದು ನೋಡು" ಎಂದರು ಮನೆಯ ಅಕ್ಕಾರು. ಮಚ್ಚೆಯ ಅಂಚಿನಲ್ಲಿ ಹುಲ್ಲು ಹಿಡಿದು ಎಳೆದೆ. ಚಾಪೆ ಎತ್ತಿದ ಹಾಗೆ ಮೇಲೆದ್ದು ಬಂತು. ಬೇರೇ ಇಲ್ಲದ ಹುಲ್ಲಿಗೆ ನೀರು ಬಿಟ್ಟು ಏನು ಮಾಡುವುದು, ಅಲ್ವಾ? ಕೆಳಗಿನ ಮಣ್ಣು ಕೆದಕಿದರೆ ದಪ್ಪ ಬಿಳಿ ಹುಳುಗಳು. ಕಂದು ತಲೆ, ಮುಂದೆ ಮೂರು ಜೊತೆ ಕಾಲು. ಮೈ ಬಾಗಿಸಿ ಮುದುಡಿ ಮಲಗಿದ್ದವು. ಬಾಲದ ಕಡೆ ತೆಳು ಚರ್ಮದೊಳಗೆ ತಿಂದ ಮಣ್ಣು ಕಪ್ಪಗೆ ಕಾಣುತ್ತಿತ್ತು. ಗೊಣ್ಣೆ ಹುಳು. ಕಬ್ಬು ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು.

ಬಿಳಿ ಹುಳು ಕಂಡ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ತಿಪ್ಪೆ ಗೊಬ್ಬರದ ಜೊತೆ ಬರುವ ಕೆಲವು ಹುಳುಗಳು ಕೊಳೆತದ್ದನ್ನು ಮಾತ್ರ ತಿನ್ನುತ್ತವೆ. ಒಂದನ್ನು ಎತ್ತಿ ಸಿಮೆಂಟಿನ ನೆಲದ ಮೇಲೆ ಬಿಡಿ. ಅಂಗಾತ ಬಿದ್ದು ಬೆನ್ನಿನ ಮೇಲೇ ಸರಸರ ಹೋದರೆ ಅದು ಗೊಬ್ಬರದ ಹುಳು, ಅದನ್ನು ಗುಂಡಿಗೆ ವಾಪಸ್ ಹಾಕಿ. ಪಕ್ಕಕ್ಕೆ ಮುದುಡಿಕೊಂಡೇ ಒದ್ದಾಡಿದರೆ ಬೇರು ತಿನ್ನುವುದೇ ಇರಬೇಕು. ಆಮೇಲೆ ಒಂದು ಅಡಿ ಉದ್ದ, ಒಂದು ಅಡಿ ಅಗಲ ಹುಲ್ಲು ಎಬ್ಬಿಸಿ, ಮೂರು ನಾಲ್ಕು ಇಂಚು ಆಳದವರೆಗೆ ಎಣಿಸಿ. ಐದರೊಳಗೆ ಇದ್ದರೆ ಗಟ್ಟಿ ಲಾನ್ ತಡೆದುಕೊಳ್ಳುತ್ತದೆ. ಹತ್ತು ದಾಟಿದರೆ ಸುಮ್ನೆ ಕೂರಬಾರದು. ಕಾಗೆ, ಗೊರವಂಕ, ಬೆಳ್ಳಕ್ಕಿ ಒಂದೇ ಜಾಗದಲ್ಲಿ ದಿನಾ ಕುಕ್ಕುತ್ತಿದ್ದರೆ ಅಲ್ಲೇ ಅಗೆದು ನೋಡಿ.

ಔಷಧಿಗಿಂತ ಹೊತ್ತು ಮುಖ್ಯ. ಗೊಣ್ಣೆ ಹುಳುವೇ ಬೆಳೆದು ದುಂಬಿ ಆಗುತ್ತದೆ. ಮೊದಲ ಒಳ್ಳೆ ಮಳೆ ಬಿದ್ದ ಸಂಜೆ ಈ ದುಂಬಿಗಳು ಮಣ್ಣಿನಿಂದ ಎದ್ದು ಬೇವು, ಜಾಲಿ, ನುಗ್ಗೆ ಗಿಡಕ್ಕೆ ಹೋಗಿ ಎಲೆ ತಿನ್ನುತ್ತವೆ. ಬೆಳಗಾಗುವುದರೊಳಗೆ ಮಣ್ಣಿಗೆ ಮರಳಿ ಮೊಟ್ಟೆ ಇಡುತ್ತವೆ. ಜೂನ್ ಕೊನೆ, ಜುಲೈನಲ್ಲಿ ಮರಿಗಳು ಚಿಕ್ಕವು, ಮೇಲುಮಣ್ಣಿನಲ್ಲೇ ಇರುತ್ತವೆ. ಮೆಟಾರೈಜಿಯಂ ಎಂಬ ಶಿಲೀಂಧ್ರ ಅಥವಾ ಹುಳು ಕೊಲ್ಲುವ ಸೂಕ್ಷ್ಮ ಜಂತುಗಳ ಪುಡಿಯನ್ನು ಆಗ ಕೊಡಬೇಕು. ಮಣ್ಣು ಹಸಿ ಇರಲಿ, ಸಂಜೆ ಹೊತ್ತಾಗಿರಲಿ, ಕೊಟ್ಟ ಮೇಲೆ ಮತ್ತೆ ನೀರು ಬಿಡಿ. ಬಿಸಿಲಿಗೆ ಎರಡೂ ಸಾಯುತ್ತವೆ. ಪ್ರಮಾಣಕ್ಕೆ ಪೊಟ್ಟಣ ಓದಿ, ಇಲ್ಲವೇ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಹುಳು ಬಲಿತು ಕೆಳಗಿಳಿದ ಮೇಲೆ ಮೇಲೆ ಸುರಿದ ಯಾವುದೂ ಅದನ್ನು ಮುಟ್ಟುವುದಿಲ್ಲ, ದುಡ್ಡು ದಂಡ.

"ಹೊಲಕ್ಕೆ ಹಾಕೋ ಫೋರೇಟ್ ಹಾಕಿಬಿಡ್ರಿ" ಎನ್ನುವವರು ಈಗಲೂ ಇದ್ದಾರೆ. 2020ರ ಕೊನೆಗೇ ಆ ಕೀಟನಾಶಕ ದೇಶದಲ್ಲಿ ನಿಷೇಧವಾಗಿದೆ. ಮಕ್ಕಳು ಬರಿಗಾಲಲ್ಲಿ ಆಡುವ ಹುಲ್ಲಿನ ಮೇಲೆ ಅಂಥ ವಿಷದ ಕಾಳು ನಾನು ಎರಚುವುದಿಲ್ಲ, ಎಷ್ಟು ಕೊಟ್ಟರೂ ಸರಿ.

ಅಕ್ಕಾರ ಮನೆಯಲ್ಲಿ ಸಡಿಲವಾದ ಹುಲ್ಲನ್ನೆಲ್ಲ ಎತ್ತಿ, ಹುಳು ಕೈಯಲ್ಲೇ ಆರಿಸಿ ಸೋಪಿನ ನೀರಿಗೆ ಹಾಕಿದೆವು. ಬೇವಿನ ಹಿಂಡಿ ಬೆರೆಸಿ ಹೊಸ ಹುಲ್ಲು ನೆಟ್ಟೆವು. ಗೇಟಿನ ಪಕ್ಕ ದೊಡ್ಡ ಬೇವಿನ ಮರ ಇದೆ. ಮುಂದಿನ ವರ್ಷ ಮೊದಲ ಮಳೆ ಬಿದ್ದ ಸಂಜೆಗಳಲ್ಲಿ ಎಂಟು ಗಂಟೆ ಸುಮಾರಿಗೆ ಕೆಳಗೆ ಬಟ್ಟೆ ಹಾಸಿ, ಕೊಂಬೆ ಅಲುಗಾಡಿಸಿ ದುಂಬಿ ಉದುರಿಸಿ ಎಂದು ಹೇಳಿ ಬಂದೆ. ದುಂಬಿ ಬೆಳಕಿಗೂ ಬರುತ್ತದೆ, ಆ ದಿನಗಳಲ್ಲಿ ಲಾನಿನ ದೀಪ ಆರಿಸಿಡಬೇಕು. ಅವು ಕಾಂಪೌಂಡ್ ನೋಡಿ ಹಾರುವುದಿಲ್ಲವಲ್ಲ, ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಂಡೇ ಮಾಡಬೇಕು.