ಬ್ರೆಡ್ ಗಾಡಿಯ ತಣ್ಣನೆ ಹೀಟರ್

ಬಿಸಿ ಬ್ರೆಡ್ ಎಷ್ಟು ಹಬೆ ಬಿಡುತ್ತದೆ ಅಂತ ಬೇಕರಿಯವರನ್ನು ಕೇಳಬೇಡಿ. ಜೂನ್ ತಿಂಗಳ ಬೆಳಗಿನ ಜಾವ ಅದನ್ನು ಹೇರಿಕೊಂಡು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವ ನನ್ನಂಥವರನ್ನು ಕೇಳಿ. ನಾಲ್ಕೂವರೆಗೆ ಲೋಡ್, ಐದಕ್ಕೆ ಹೊರಡಬೇಕು. ಊರು ದಾಟುವಷ್ಟರಲ್ಲಿ ಮುಂದಿನ ಗಾಜು ಒಳಗಡೆಯಿಂದ ಹಾಲು ಬಳಿದ ಹಾಗೆ ಬೆಳ್ಳಗೆ. ಹೊರಗೆ ಮಂಜು, ಮೇಲೆ ಮಳೆ, ಹಿಂದೆ ಇಪ್ಪತ್ತು ಟ್ರೇ ಬನ್ನು. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಹಳೇ ಬನಿಯನ್ ಬಟ್ಟೆ.

ಗಾಡಿಯಲ್ಲಿ ಹೀಟರ್ ಇರಲಿಲ್ವಾ? ಇತ್ತು. ತಣ್ಣನೆ ಗಾಳಿ ಬಿಡುತ್ತಿತ್ತು.

ಕತೆ ಶುರುವಾಗಿದ್ದು ಏಪ್ರಿಲ್‌ನಲ್ಲಿ. ನನ್ನದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ವ್ಯಾನ್, ಎಂಜಿನ್ ಸೀಟಿನ ಕೆಳಗೆ. ಬೆಳಗ್ಗೆ ಬ್ರೆಡ್ ಇಳಿಸಿ ವಾಪಸ್ ಬರುವಾಗ ಖಾಲಿ ಬರುವುದು ಯಾಕೆ ಅಂತ ಸುಳ್ಯದ ಕಡೆಯಿಂದ ತೆಂಗಿನಕಾಯಿ ತುಂಬಿಕೊಂಡು ಬರುತ್ತೇನೆ. ಆವತ್ತು ಕೊಯನಾಡು ದಾಟಿದ ಮೇಲೆ ಸೀಟು ದೋಸೆ ಕಾವಲಿಯಾಯಿತು. ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ. ರಸ್ತೆ ಬದಿ ನಿಲ್ಲಿಸಿ, ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿನ ಕ್ಯಾಪಿಗೆ ಕೈ ಹಾಕುವಷ್ಟರಲ್ಲಿ ಹಿಂದೆ ಬಂದ ಲಾರಿ ಡ್ರೈವರ್ ಒಬ್ಬರು ಕೂಗಿಕೊಂಡರು: "ಮಾರಾಯ, ಮುಖ ಸುಟ್ಕೊಳ್ತೀಯಾ? ಬಿಡು ಅದನ್ನ!"

ಅವರು ಹೇಳಿದ್ದು ಸರಿ. ಒಳಗಿನ ನೀರು ಒತ್ತಡದಲ್ಲಿ ಇರುತ್ತದೆ, ಅದಕ್ಕೇ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗಿ, ಕುದಿನೀರು ಹಬೆ ಸಮೇತ ಮುಖಕ್ಕೇ ಚಿಮ್ಮುತ್ತದೆ. ಅರ್ಧ ಗಂಟೆ ಕಾಯಲು ಹೇಳಿದರು. ಆಮೇಲೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ಕಿಟಕಿ ತೆಗೆದು ನಿಧಾನ ಹತ್ತು ಅಂದರು. ಏಪ್ರಿಲ್ ಸೆಕೆಯಲ್ಲಿ ಹೀಟರ್! ಆದರೆ ಮುಳ್ಳು ಇಳಿಯಿತು. ಎಂಜಿನ್ನಿನ ಕಾವು ನನ್ನ ಮೊಣಕಾಲಿಗೆ ಬಂತು, ಅಷ್ಟೇ. ಜೋಡುಪಾಲ, ಮದೆನಾಡು ದಾಟಿ ಊರು ಸೇರಿದೆ.

ಮಾರನೇ ದಿನ ಒಂದು ಗ್ಯಾರೇಜಿಗೆ ಹೋದೆ. ಯಾವುದು ಅಂತ ಬೇಡ. ಹುಡುಗ ಬೋಲ್ಟ್ ಬಿಚ್ಚಿ, ಲಿಂಬೆಹಣ್ಣಿನಷ್ಟಿದ್ದ ಥರ್ಮೋಸ್ಟಾಟನ್ನು ಹೊರಗೆ ತೆಗೆದು ನನ್ನ ಕೈಗೆ ಕೊಟ್ಟ. "ಇದು ಫಾರಿನ್ ಚಳಿಗೆ ಅಣ್ಣ. ನಮ್ಮ ಕಡೆ ಬೇಡ." ನಲ್ಲಿ ನೀರು ತುಂಬಿಸಿ ಕಳಿಸಿದ. ಮುಳ್ಳು ಆಮೇಲೆ ಮೇಲೇಳಲೇ ಇಲ್ಲ. ಇನ್ನೂರು ರೂಪಾಯಿಗೆ ಕೆಲಸ ಮುಗೀತು ಅಂತ ನನಗೆ ಖುಷಿಯೋ ಖುಷಿ.

ಮಳೆ ಹಿಡಿದ ಮೇಲೆ ಹೀಟರಿನ ಬಣ್ಣ ಬಯಲಾಯಿತು. ಗಾಳಿ ಊದುವ ಫ್ಯಾನು, ಅಂದರೆ ಬ್ಲೋವರ್, ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತಿದ್ದುದರಿಂದ ಅದೇ ಕೆಟ್ಟಿದೆ ಅಂದುಕೊಂಡೆ. ಅದರ ಸ್ಪೀಡು ಕಮ್ಮಿ ಮಾಡುವ ರೆಸಿಸ್ಟರ್ ಸುಟ್ಟಿತ್ತು, ಹೊಸದು ಹಾಕಿಸಿದೆ. ಈಗ ನಾಲ್ಕೂ ಸ್ಪೀಡಿನಲ್ಲಿ ತಣ್ಣನೆ ಗಾಳಿ! ಮೈಲೇಜೂ 14ರಿಂದ 11ಕ್ಕೆ ಬಂದಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ.

ಕೊನೆಗೆ ಒಬ್ಬರು ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಟೂಲ್ ಮುಟ್ಟಲಿಲ್ಲ. ಬೆಳಗ್ಗೆ ಗಾಡಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿದರು. ರೇಡಿಯೇಟರಿಗೆ ಹೋಗುವ ಹೋಸ್ ಪೈಪಿನ ಮೇಲೆ ಕೈ ಇಟ್ಟುಕೊಂಡು, ನಾಡಿ ನೋಡುವ ಹಾಗೆ ಎರಡು ನಿಮಿಷ ಸುಮ್ನೆ ನಿಂತರು. "ಎಂಜಿನ್ ಬಿಸಿಯಾಗೋ ಮುಂಚೆನೇ ನೀರು ಇಲ್ಲಿಗೆ ಬರ್ತಿದೆ. ಒಳಗೆ ಥರ್ಮೋಸ್ಟಾಟ್ ಇಲ್ಲ ಅಲ್ವಾ?"

ಅದು ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು. ಎಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ, ಕಾದ ಮೇಲೆ ತೆರೆಯುತ್ತದೆ. ಏಪ್ರಿಲ್‌ನಲ್ಲಿ ಬಾಗಿಲು ತೆರೆಯಲಿಲ್ಲ, ಎಂಜಿನ್ ಬೆಂದಿತು. ಆ ಹುಡುಗ ಬಾಗಿಲನ್ನೇ ಕಿತ್ತ, ಎಂಜಿನ್ ಬಿಸಿಯಾಗುವುದೇ ನಿಂತಿತು. ಹೀಟರಿಗೆ ಬೇರೆ ಒಲೆ ಇಲ್ಲ. ಎಂಜಿನ್ನಿನ ಬಿಸಿನೀರೇ ಡ್ಯಾಶ್‌ಬೋರ್ಡಿನ ಒಳಗಿರುವ ಪುಟ್ಟ ರೇಡಿಯೇಟರಿಗೆ ಬರಬೇಕು. ಅದರಲ್ಲೂ ಮುಂಜಾನೆ ನಾನು ಹೋಗುವುದು ಇಳಿಜಾರು. ಆಕ್ಸಿಲರೇಟರ್ ಒತ್ತುವ ಕೆಲಸವೇ ಇಲ್ಲ, ಕಾವು ಎಲ್ಲಿಂದ ಬರಬೇಕು? ಎಂಜಿನ್ ತಣ್ಣಗಿದೆ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇತ್ತು. ಮೈಲೇಜ್ ಹೋಗಿದ್ದು ಅಲ್ಲಿ.

ಹೊಸದು ಹಾಕುವ ಮುಂಚೆ ಪರೀಕ್ಷೆ ಮಾಡು ಅಂದರು. ಮನೆಗೆ ತಂದು ಹಳೇ ಪಾತ್ರೆಯಲ್ಲಿ ನೀರಿಟ್ಟು, ಹೊಸದು ಮತ್ತು ಹಳೇದು ಎರಡನ್ನೂ ದಾರ ಕಟ್ಟಿ ಇಳಿಬಿಟ್ಟೆ. ಹೊಸದರ ಮೇಲೆ 82 ಅಂತ ಅಚ್ಚು ಇತ್ತು. ನೀರಿನಲ್ಲಿ ಸಣ್ಣ ಗುಳ್ಳೆ ಏಳುವಾಗ ಅದರ ತಟ್ಟೆ ಕೂದಲೆಳೆಯಷ್ಟು ಕದಲಿತು. ನೋಡನೋಡುತ್ತಾ ಮೊಗ್ಗು ಬಿರಿದ ಹಾಗೆ ತೆರೆದುಕೊಂಡಿತು. ಒಳಗಿನ ಮೇಣ ಕಾವಿಗೆ ಹಿಗ್ಗಿ ತಟ್ಟೆಯನ್ನು ತಳ್ಳುತ್ತದಂತೆ. ಕರೆಂಟಿಲ್ಲ, ವೈರಿಲ್ಲ. ಹಳೇದು ನೀರು ಕೊತಕೊತ ಕುದಿದರೂ ಬಾಯಿ ಬಿಡಲಿಲ್ಲ. (ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಇಲ್ಲಿ ನೀರು 96 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಆದರೂ 82ಕ್ಕೆ ತೆರೆಯಬೇಕಾದ್ದಕ್ಕೆ ಅಷ್ಟು ಸಾಕೇ ಸಾಕು.) ನನ್ನವಳು ಬಂದು ನೋಡಿ, "ಇದನ್ನೂ ಸಾರು ಮಾಡಲಾ?" ಅಂದಳು.

ನಲ್ಲಿ ನೀರನ್ನು ತೆಗೆದಾಗ ಕಟ್ ಚಹಾದ ಬಣ್ಣ. ತುಕ್ಕು. ಈಗ ತುಕ್ಕು ತಡೆಯುವ ಸರಿಯಾದ ಕೂಲೆಂಟ್ ಇದೆ.

ಗಾಜಿನ ವಿಷಯ ಇನ್ನೊಂದಿದೆ. ನಾನು ಚಳಿಗೆ ಹೆದರಿ ಹೊರಗಿನ ಗಾಳಿ ಬರುವ ಲಿವರ್ ಯಾವಾಗಲೂ ಮುಚ್ಚಿಟ್ಟಿದ್ದೆ. ಬ್ರೆಡ್ಡಿನ ಹಬೆಯೆಲ್ಲ ಒಳಗೇ ಸುತ್ತುತ್ತಿತ್ತು. ಈಗ ಅದನ್ನು ತೆರೆದು, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹೀಟರ್ ಜೊತೆ ಎಸಿಯನ್ನೂ ಹಾಕುತ್ತೇನೆ. ಮಳೆಗಾಲದಲ್ಲಿ ಎಸಿ ಯಾಕೆ ಅಂತ ನಗಬೇಡಿ. ಎಸಿ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಬೆಚ್ಚಗೆ ಮಾಡುತ್ತದೆ. ಎರಡೇ ನಿಮಿಷಕ್ಕೆ ಗಾಜು ತಿಳಿ. ಸೀಟಿನ ಹಿಂದೆ ರೆಕ್ಸಿನ್ ಪರದೆಯನ್ನೂ ಹಾಕಿಸಿದ್ದೇನೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ರಸ್ತೆ ಇದು. ಗಾಜು ಒರೆಸಲು ಅಂತ ಮಳೆಯಲ್ಲಿ ಜೋಡುಪಾಲದ ಹತ್ತಿರ ನಿಲ್ಲಿಸುವ ಧೈರ್ಯ ನನಗಂತೂ ಇಲ್ಲ.

ಮೈಲೇಜ್ 14ರ ಹತ್ತಿರ ಬಂದಿದೆ. ಉಳಿದಿರುವುದು ಒಂದೇ ತಕರಾರು: ಬ್ಲೋವರ್ ಹಾಕಿದಾಗ ಚರಚರ ಸದ್ದು. ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸುತ್ತೇನಲ್ಲ, ಎಲೆ ಹೊಕ್ಕಿರಬೇಕು. ಇಲಿ ಅಲ್ಲದಿದ್ದರೆ ಸಾಕು. ಭಾನುವಾರ ಬಿಚ್ಚಿ ನೋಡಬೇಕು.