ಕೈಕೊಡೋದು ಗೊತ್ತಿರೋ ಇಂಗ್ಲಿಷೇ

ಬೇರೆ ದೇಶದ ಗ್ರಾಹಕರ ಕರೆ, ಚಾಟ್ ನೋಡುವ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ಸ್ಲ್ಯಾಂಗ್ ಪಟ್ಟಿ. ಆಸ್ಟ್ರೇಲಿಯಾದವರ 'ಆರ್ವೋ' ಅಂದರೆ ಮಧ್ಯಾಹ್ನ, ಬ್ರಿಟನ್ನಿನವರ 'ಫೋರ್ಟ್‌ನೈಟ್' ಅಂದರೆ 14 ದಿನ. ಇಂಥವು ಅಷ್ಟು ಕಾಡುವುದಿಲ್ಲ, ಗೊತ್ತಾಗದಿದ್ದರೆ ಕೇಳಿಬಿಡುತ್ತೇವೆ. ಟಿಕೆಟ್, ಅಂದರೆ ಗ್ರಾಹಕರ ಕೋರಿಕೆಯ ದಾಖಲೆ, ಕೆಡುವುದು ಗೊತ್ತಿದೆ ಅಂದುಕೊಂಡ ಪದದಲ್ಲಿ.

ಅದರಲ್ಲೂ ಸಮಯದ ಮಾತು. ಬ್ರಿಟನ್ನಿನವರು 'ಹಾಫ್ ಸೆವೆನ್' ಅಂದರೆ ಏಳೂವರೆ. ಜರ್ಮನಿಯವರ 'ಹಾಲ್ಬ್ ಜೀಬೆನ್' ಆರೂವರೆ. ಆ ಲೆಕ್ಕದಲ್ಲೇ ಇಂಗ್ಲಿಷ್ ಆಡಿದರೆ ಒಂದು ಗಂಟೆ ಎಡವಟ್ಟು. ದಕ್ಷಿಣ ಆಫ್ರಿಕಾದವರ 'ಜಸ್ಟ್ ನೌ' ಈಗಲೇ ಅಲ್ಲ, ಆಮೇಲೆ ಯಾವಾಗಲೋ. ಅದಕ್ಕಿಂತ ಬೇಗ ಅನ್ನಲು 'ನೌ ನೌ' ಇದೆ. ನಗುವ ಹಾಗಿಲ್ಲ, ಎದ್ದು ಹೊರಡುತ್ತಾ 'ಬಂದೆ' ಅನ್ನುವ ಜನ ನಾವು. ಅವರೇ ಡೆಲಿವರಿಗೆ ದಾರಿ ಹೇಳುತ್ತಾ 'ರೋಬೋಟ್ ಹತ್ತಿರ ಎಡಕ್ಕೆ' ಅಂದರೆ ಅದು ಟ್ರಾಫಿಕ್ ಸಿಗ್ನಲ್. ಉತ್ತರ ಇಂಗ್ಲೆಂಡಿನ ಅನೇಕರಿಗೆ 'ಟೀ' ಸಂಜೆಯ ಊಟ. 'ಟೀ ಆದಮೇಲೆ ಕರೆ ಮಾಡಿ' ಅಂದವರಿಗೆ ನಾಲ್ಕು ಗಂಟೆಗೆ ಮಾಡಬೇಡಿ.

ಹಾಗಾಗಿ ಒಪ್ಪಿದ ಸಮಯವನ್ನು ಅಂಕಿಯಲ್ಲಿ ತಿರುಗಿ ಹೇಳಿ: '19:30, ನಿಮ್ಮ ಊರಿನ ಸಮಯ, ಮೇ 4, ಸರಿಯೇ?' ತಿಂಗಳನ್ನು ಹೆಸರಲ್ಲೇ ಬರೆಯಿರಿ. 04/05 ಅಮೆರಿಕದವರಿಗೆ ಏಪ್ರಿಲ್ 5, ಬ್ರಿಟನ್ನಿನವರಿಗೆ ಮೇ 4. ಟಿಕೆಟ್‌ನಲ್ಲಿ ಗ್ರಾಹಕರು ಆಡಿದ ಪದವನ್ನು ಹಾಗೇ ಬರೆದು, ಪಕ್ಕದಲ್ಲಿ ನಿಮಗೆ ಆದ ಅರ್ಥ ಹಾಕಿ. ಅರ್ಥ ಮಾತ್ರ ಬರೆದಿಟ್ಟರೆ ಮುಂದಿನ ಶಿಫ್ಟಿನವರಿಗೆ ತಪ್ಪು ಹಿಡಿಯಲು ದಾರಿಯೇ ಇರುವುದಿಲ್ಲ.

ಮೀಟಿಂಗಿನಲ್ಲಿ 'ಟೇಬಲ್' ಬಂದಾಗ ಎಚ್ಚರ. ಸದನದಲ್ಲಿ ಮಸೂದೆ ಟೇಬಲ್ ಮಾಡುವುದೆಂದರೆ ನಮಗೂ ಬ್ರಿಟನ್ನಿಗೂ ಮಂಡಿಸುವುದು, ಅಮೆರಿಕದವರಿಗೆ ಸದ್ಯಕ್ಕೆ ಬದಿಗಿಡುವುದು. ಇನ್ನು ಬ್ರಿಟನ್ನಿನವರ ಫೀಡ್‌ಬ್ಯಾಕಿನಲ್ಲಿ 'ಕ್ವೈಟ್ ಗುಡ್' ಕಂಡರೆ ಹಿಗ್ಗಬೇಡಿ. ಅಮೆರಿಕದವರ ಬಾಯಲ್ಲಿ ಅದು ತುಂಬಾ ಚೆನ್ನಾಗಿದೆ, ಇವರ ಬಾಯಲ್ಲಿ ಸಾಮಾನ್ಯವಾಗಿ ಪರವಾಗಿಲ್ಲ ಅಷ್ಟೇ. ಏನು ಕಡಿಮೆಯಾಯಿತು ಅಂತ ಕೇಳಿ, ಆಮೇಲೆ ಟಿಕೆಟ್ ಮುಚ್ಚಿ.

ನಮ್ಮ ಇಂಗ್ಲಿಷೂ ಅವರಿಗೆ ಸ್ಲ್ಯಾಂಗೇ. 'ಐ ಹ್ಯಾವ್ ಎ ಡೌಟ್' ನಮಗೆ 'ನಂದೊಂದು ಡೌಟು', ಅವರಿಗೆ ತಮ್ಮ ಮಾತನ್ನು ನಂಬುತ್ತಿಲ್ಲ ಅನಿಸೀತು, 'ಕ್ವೆಶ್ಚನ್' ಅನ್ನಿ. 'ಪ್ರಿಪೋನ್' ಅನೇಕರಿಗೆ ಗೊತ್ತಿಲ್ಲ. ಅದರ ಬದಲು ಮೀಟಿಂಗನ್ನು 'ಮೂವ್ ಫಾರ್ವರ್ಡ್' ಅಂದರೆ ಇನ್ನೂ ಗೋಜಲು, ಬೇಗ ಅಂತಲೂ ತಡ ಅಂತಲೂ ಕೇಳಿಸುತ್ತದೆ. ಹೊಸ ದಿನ, ಹೊಸ ಗಂಟೆ ನೇರ ಹೇಳಿಬಿಡಿ.