ಸಿನಾಯ್ ಬೆಟ್ಟದ ಪುಟ್ಟ ನೀಲಿ ಚಿಟ್ಟೆ

ಈಜಿಪ್ಟಿನ ಸಿನಾಯ್ ಮರುಭೂಮಿಯ ಬೆಟ್ಟಗಳಲ್ಲಿ ಒಂದು ನೀಲಿ ಚಿಟ್ಟೆ ಇದೆ. ಸಿನಾಯ್ ಬ್ಯಾಟನ್ ಬ್ಲೂ ಅಂತ ಹೆಸರು. ಜಗತ್ತಿನ ಅತಿ ಚಿಕ್ಕ ಚಿಟ್ಟೆಗಳಲ್ಲಿ ಒಂದು. ಅಲ್ಲಿನ ಸೇಂಟ್ ಕ್ಯಾಥರೀನ್ ಅನ್ನುವ ಊರಿನ ಸುತ್ತಲಿನ ಒಣ ಬೆಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಮರಿಹುಳು ತಿನ್ನುವುದು ಅಲ್ಲಿನ ಕಾಡು ಥೈಮ್ ಗಿಡವನ್ನು ಮಾತ್ರ. ಇರುವೆಗಳು ಈ ಮರಿಹುಳುವನ್ನು ಕಾಯುತ್ತವೆ, ಅದು ಒಸರುವ ಸಿಹಿರಸ ಕುಡಿಯುತ್ತವೆ. ಎಂಥಾ ಹೊಂದಾಣಿಕೆ ನೋಡಿ!

ಇಲ್ಲಿ ತೀರ್ಥಹಳ್ಳಿಯಲ್ಲಿ ಬಟ್ಟೆ ಒಣಗುತ್ತಿಲ್ಲ ಅನ್ನುವುದೇ ನಮ್ಮ ಗೋಳು. ಇಷ್ಟು ಹಸಿರಿದ್ದರೂ ನಮ್ಮ ರಾಜ್ಯ ಚಿಟ್ಟೆ, ಅಂಗೈಗಿಂತ ಅಗಲದ ಸದರ್ನ್ ಬರ್ಡ್‌ವಿಂಗ್, ಅದೂ ಹಠಮಾರಿಯೇ. ಈಶ್ವರಿ ಬಳ್ಳಿಯ ಜಾತಿ ಸಿಗದಿದ್ದರೆ ಅದರ ಮರಿಗೆ ಊಟವಿಲ್ಲ. ಬೇಲಿ ಸವರುವಾಗ ಆ ಬಳ್ಳಿಯನ್ನು ಸುಮ್ನೆ ಕಿತ್ತು ಹಾಕುತ್ತೇವೆ, ಅಲ್ವಾ? ಈ ಸಲ ಬಿಡಿ ಅಂತ ಅಪ್ಪಯ್ಯನಿಗೆ ಹೇಳಿದ್ದೇನೆ. ಕೇಳುತ್ತಾರೋ ಇಲ್ಲವೋ.